ತಣ್ಣೀರಿನ ಕ್ವಾರಿಯಲ್ಲಿ ಸ್ಕೂಬಾ ಡೈವಿಂಗ್: ಸಿದ್ಧತೆ, ಸಲಕರಣೆ ಮತ್ತು ನೀರಿನೊಳಗಿನ ಕ್ರಮ

ಕಲ್ಲು ತೆಗೆಯುವ ಕೆಲಸ ನಿಂತು, ನೀರೆತ್ತುವ ಪಂಪುಗಳು ಬಂದ್ ಆದ ಮೇಲೆ ಅಂತರ್ಜಲವೂ ಮಳೆನೀರೂ ತುಂಬಿ ಆಳವಾದ ಮಡುಗಳಾಗಿರುವ ಕ್ವಾರಿಗಳು ತಂಪು ಹವಾಮಾನದ ದೇಶಗಳಲ್ಲಿ ಸ್ಕೂಬಾ ಕಲಿಕೆಯ ಮುಖ್ಯ ತಾಣಗಳಾಗಿವೆ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿರುವ ಸ್ಟೋನಿ ಕೋವ್ ಹಿಂದೆ ಗ್ರಾನೈಟ್ ಕ್ವಾರಿಯಾಗಿತ್ತು. ಜರ್ಮನಿಯ ಹೆಮ್ಮೂರ್‌ನ ಕೆರೆ ಸಿಮೆಂಟಿಗಾಗಿ ಸೀಮೆಸುಣ್ಣದ ಕಲ್ಲನ್ನು ಅಗೆದ ಗುಂಡಿ. ವೇಲ್ಸಿನ ವಿವಿಯನ್ ಕ್ವಾರಿಯಲ್ಲಿ ಸ್ಲೇಟ್ ತೆಗೆಯುತ್ತಿದ್ದರು. ಇಂಥ ಜಾಗಗಳಲ್ಲಿ ಅಲೆಯಿಲ್ಲ, ಸೆಳೆತವಿಲ್ಲ, ಉಬ್ಬರವಿಳಿತದ ಲೆಕ್ಕವಿಲ್ಲ. ದಡದಿಂದ ನಾಲ್ಕು ಹೆಜ್ಜೆ ಇಟ್ಟರೆ ನೀರು. ಹಾಗಾಗಿ ಬೆಚ್ಚನೆಯ ಸಮುದ್ರದಲ್ಲಿ ಡೈವಿಂಗ್ ಕಲಿತವರು ಕ್ವಾರಿಯನ್ನು ಸುಲಭವೆಂದು ಎಣಿಸಿ ಇಳಿಯುವುದುಂಟು. ಆದರೆ ಸಮುದ್ರದಲ್ಲಿ ಮೊದಲು ಆಳವನ್ನು, ಆಮೇಲೆ ಉಳಿದದ್ದನ್ನು ಯೋಚಿಸುವ ಅಭ್ಯಾಸವನ್ನು ಇಲ್ಲಿ ತಿರುಗಿಸಿಕೊಳ್ಳಬೇಕು. ಕ್ವಾರಿಯಲ್ಲಿ ಮೊದಲ ಪ್ರಶ್ನೆ ನೀರಿನ ಉಷ್ಣಾಂಶ. ಎಷ್ಟು ಆಳ, ಎಷ್ಟು ಹೊತ್ತು, ಯಾವ ಸಲಕರಣೆ ಎಂಬುದೆಲ್ಲ ಅದರ ಉತ್ತರವನ್ನು ಅವಲಂಬಿಸಿದೆ.

ನೀರಿನ ಪದರಗಳು

ಸಿಹಿನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ಬೆಚ್ಚಗಿನ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ. ಗಾಳಿಗೆ ಅಷ್ಟಾಗಿ ಸಿಗದ, ಕಡಿದಾದ ಬಂಡೆಗೋಡೆಗಳ ನಡುವಿನ ಆಳವಾದ ಕ್ವಾರಿಯಲ್ಲಿ ಈ ಪದರಗಳು ಒಂದರೊಡನೊಂದು ಬೆರೆಯುವುದು ಕಡಿಮೆ. ಬೇಸಗೆಯಲ್ಲಿ ಮೇಲ್ಮೈ ನೀರು 20 ಡಿಗ್ರಿ ದಾಟಿದ್ದರೂ ತಳದಲ್ಲಿ 5–7 ಡಿಗ್ರಿಯಷ್ಟೇ ಇರುವುದು ಸಾಮಾನ್ಯ. ಇವೆರಡರ ನಡುವೆ ಉಷ್ಣಾಂಶ ಥಟ್ಟನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಕೆಲವೊಮ್ಮೆ ಒಂದೆರಡು ಮೀಟರ್ ಇಳಿಯುವಷ್ಟರಲ್ಲಿ ಏಳೆಂಟು ಡಿಗ್ರಿ ಕಡಿಮೆಯಾಗಿರುತ್ತದೆ, ಮತ್ತು ಒಂದೇ ಕ್ವಾರಿಯಲ್ಲಿ ಇಂಥ ಎರಡು ಮೂರು ಪದರಗಳು ಇರಲೂಬಹುದು. ಆದ್ದರಿಂದ ದಡದಲ್ಲಿ ಕೈ ಅದ್ದಿ ನೋಡಿ ಸೂಟ್ ಆರಿಸಿಕೊಳ್ಳುವುದು ತಪ್ಪು. ಅಂದು ಬೆಳಿಗ್ಗೆ ಇಳಿದು ಬಂದವರನ್ನು ಅಥವಾ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ನೀವು ಹೋಗಲಿರುವ ಆಳದ ಉಷ್ಣಾಂಶವನ್ನು ತಿಳಿದುಕೊಳ್ಳಿ.

ಶರತ್ಕಾಲದಲ್ಲಿ ಮೇಲ್ಮೈ ತಣ್ಣಗಾಗುತ್ತ ಬಂದಾಗ ಪದರಗಳು ಕುಸಿದು ಇಡೀ ನೀರು ಬೆರೆತುಹೋಗುತ್ತದೆ. ಚಳಿಗಾಲ ಕಳೆದ ಮೇಲೆ ಇನ್ನೊಮ್ಮೆ ಹಾಗಾಗುತ್ತದೆ. ಆ ದಿನಗಳಲ್ಲಿ ತಳದ ಹೂಳು, ಪೋಷಕಾಂಶಗಳು ಮೇಲೆ ಬಂದು ನೀರು ಮಬ್ಬಾಗುವುದುಂಟು. ಬೇಸಗೆಯಲ್ಲಿ ಮೇಲಿನ ಪದರ ಪಾಚಿಯಿಂದ ಹಸಿರಾಗಿದ್ದು, ಥರ್ಮೋಕ್ಲೈನ್‌ನ ಕೆಳಗೆ ನೀರು ತಿಳಿಯಾಗಿದ್ದರೂ ಬೆಳಕು ಕಡಿಮೆ ಇರುತ್ತದೆ. ಹಾಡಹಗಲಿನಲ್ಲೂ ಟಾರ್ಚ್ ಬೇಕಾಗುವುದು ಈ ಕಾರಣಕ್ಕೆ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದು ಚಿಕ್ಕ ಟಾರ್ಚನ್ನು ಕೈಗೆ ಸಿಗುವಂತೆ ಕಟ್ಟಿಕೊಂಡಿರಬೇಕು.

ಜಾಗದ ಆಯ್ಕೆ

ಡೈವಿಂಗ್‌ಗೆಂದೇ ನಡೆಸುತ್ತಿರುವ, ಇಳಿಯಲು ಮೆಟ್ಟಿಲು, ಮುಳುಗಿಸಿದ ತರಬೇತಿ ವೇದಿಕೆಗಳು, ಆಮ್ಲಜನಕದ ಕಿಟ್ ಮತ್ತು ರಕ್ಷಣೆಗೆ ಜನ ಇರುವ ಕ್ವಾರಿಯಲ್ಲಿ ಮಾತ್ರ ಇಳಿಯಿರಿ. ಪಾಳುಬಿದ್ದ ಕ್ವಾರಿಯಲ್ಲಿ ಅನುಮತಿಯ ಪ್ರಶ್ನೆ ಒಂದೆಡೆಯಾದರೆ, ನೀರಿನೊಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ: ಸಡಿಲವಾದ ಬಂಡೆ, ತುಂಡಾದ ಉಕ್ಕಿನ ಹಗ್ಗ, ಎಸೆದ ವಾಹನ, ನಿಂತಲ್ಲೇ ಮುಳುಗಿದ ಮರಗಳು. ನೀರಿನ ಬಣ್ಣವನ್ನು ನಂಬುವಂತಿಲ್ಲ. ಇಂಗ್ಲೆಂಡಿನ ಬಕ್ಸ್‌ಟನ್ ಬಳಿಯ ಹಾರ್ಪರ್ ಹಿಲ್ ಸುಣ್ಣದಕಲ್ಲಿನ ಕ್ವಾರಿಯ ನೀರು ಕಣ್ಸೆಳೆಯುವ ನೀಲಿಯಾಗಿತ್ತು. ಆದರೆ ಅದರ ಪಿಎಚ್ ಮೌಲ್ಯ 11ಕ್ಕೂ ಹೆಚ್ಚು, ಅಂದರೆ ಚರ್ಮಕ್ಕೂ ಕಣ್ಣಿಗೂ ಹಾನಿ ಮಾಡುವಷ್ಟು ಕ್ಷಾರವಿತ್ತು. ಎಚ್ಚರಿಕೆಯ ಫಲಕಗಳನ್ನು ಹಾಕಿದರೂ ಜನ ಈಜಲು ಇಳಿಯುತ್ತಲೇ ಇದ್ದುದರಿಂದ 2013ರಲ್ಲಿ ಸ್ಥಳೀಯ ಆಡಳಿತ ಆ ನೀರಿಗೆ ಕಪ್ಪು ಬಣ್ಣ ಬೆರೆಸಬೇಕಾಯಿತು.

ಜಾಗ ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದಲ್ಲಿದ್ದರೆ ಆಳ, ಸಮಯಗಳನ್ನು ಲೆಕ್ಕ ಹಾಕುವ ಡೈವ್ ಕಂಪ್ಯೂಟರಿನಲ್ಲಿ ಎತ್ತರದ ಹೊಂದಾಣಿಕೆ ಸರಿಯಾಗಿದೆಯೇ ಎಂದು ನೋಡಿಕೊಳ್ಳಿ. ಸಿಹಿನೀರು, ಉಪ್ಪುನೀರು ಎಂಬ ಆಯ್ಕೆಯಿದ್ದರೆ ಅದನ್ನೂ ಬದಲಿಸಿ. ಮೇಲ್ಮೈ ಹೆಪ್ಪುಗಟ್ಟಿದ್ದರೆ ಇಳಿಯಬೇಡಿ. ಮಂಜುಗಡ್ಡೆಯ ಕೆಳಗಿನ ಡೈವಿಂಗ್‌ಗೆ ಬೇರೆಯದೇ ತರಬೇತಿ, ಹಗ್ಗ ಮತ್ತು ದಡದಲ್ಲಿ ಹಗ್ಗ ಹಿಡಿಯುವವರು ಬೇಕು.

ಮೈ ಬೆಚ್ಚಗಿಡುವ ಉಡುಪು

ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. ವೆಟ್ ಸೂಟ್ ಎಂಬ ಮೈಗಂಟುವ ರಬ್ಬರ್ ಉಡುಪು ಬೆಚ್ಚಗಿಡುವುದು ಅದರ ನಿಯೋಪ್ರಿನ್‌ನಲ್ಲಿರುವ ಅನಿಲದ ಸಣ್ಣ ಗುಳ್ಳೆಗಳಿಂದ. ಆಳಕ್ಕೆ ಹೋದಂತೆ ಒತ್ತಡಕ್ಕೆ ಆ ಗುಳ್ಳೆಗಳು ಕುಗ್ಗುತ್ತವೆ. 7 ಮಿಲಿಮೀಟರ್ ಸೂಟ್ 30 ಮೀಟರ್ ಆಳದಲ್ಲಿ 7 ಮಿಲಿಮೀಟರ್ ಆಗಿ ಉಳಿದಿರುವುದಿಲ್ಲ. ಅಂದರೆ ನೀರು ಅತಿ ತಣ್ಣಗಿರುವ ಜಾಗದಲ್ಲೇ ಸೂಟ್ ಅತಿ ತೆಳುವಾಗಿರುತ್ತದೆ. ಹೀಗಾಗಿ ಬೇಸಗೆಯಲ್ಲಿ ಥರ್ಮೋಕ್ಲೈನ್‌ನ ಮೇಲೆಯೇ ಉಳಿಯುವುದಾದರೆ ಹುಡ್ (ತಲೆಗವಸು), ಕೈಗವಸುಗಳೊಂದಿಗೆ 7 ಮಿಲಿಮೀಟರ್ ವೆಟ್ ಸೂಟ್ ಸಾಕಾಗಬಹುದು. ಅದರ ಕೆಳಗೆ ಇಳಿಯುವುದಾದರೆ, ಅಥವಾ ವರ್ಷದ ಉಳಿದ ತಿಂಗಳುಗಳಲ್ಲಿ ಹೋಗುವುದಾದರೆ, ನೀರು ಒಳಗೆ ಬರದಂತೆ ಮುಚ್ಚಿದ ಡ್ರೈ ಸೂಟ್ ಬೇಕೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ರೈ ಸೂಟ್ ತಾನಾಗಿ ಬಿಸಿ ಕೊಡುವುದಿಲ್ಲ; ಒಳಗೆ ತೊಟ್ಟ ಬಟ್ಟೆಯಲ್ಲಿ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುತ್ತದೆ. ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯನ್ನು ಬಿಟ್ಟು ಉಣ್ಣೆ ಅಥವಾ ಕೃತಕ ನೂಲಿನ ತೆಳು ಒಳಪದರ, ಅದರ ಮೇಲೆ ದಪ್ಪನೆಯ ಪದರ ಧರಿಸಿ. ಕುತ್ತಿಗೆ ಮತ್ತು ಮಣಿಕಟ್ಟಿನ ಸೀಲುಗಳಡಿ ಬಟ್ಟೆಯ ಅಂಚಾಗಲಿ ಕೂದಲಾಗಲಿ ಸಿಕ್ಕಿದರೆ ಅಲ್ಲಿಂದ ನೀರು ಒಸರುತ್ತದೆ. ಕಿರುಬೆರಳನ್ನು ಸೀಲಿನ ಸುತ್ತ ಒಮ್ಮೆ ಆಡಿಸಿ, ಅದು ಎಲ್ಲ ಕಡೆ ಬರಿಯ ಚರ್ಮಕ್ಕೆ ಅಂಟಿದೆಯೇ ಎಂದು ನೋಡಿಕೊಳ್ಳಿ, ಜಿಪ್ಪನ್ನು ಜೊತೆಗಾರ ಕೊನೆಯವರೆಗೂ ಎಳೆದು ಪರೀಕ್ಷಿಸಲಿ.

ಇಳಿಯುವಾಗ ಸೂಟ್ ಮೈಯನ್ನು ಒತ್ತತೊಡಗಿದಂತೆ ಎದೆಯ ಮೇಲಿನ ವಾಲ್ವಿನಿಂದ ಸ್ವಲ್ಪ ಸ್ವಲ್ಪವಾಗಿ ಗಾಳಿ ಸೇರಿಸಬೇಕು, ಏರುವಾಗ ಎಡತೋಳಿನ ವಾಲ್ವನ್ನು ಎತ್ತರಕ್ಕೆ ಹಿಡಿದು ಗಾಳಿಯನ್ನು ಬಿಡಬೇಕು. ಕಾಲು ಮೇಲಾಗಿ ಗಾಳಿಯೆಲ್ಲ ಪಾದದ ಕಡೆ ಸೇರಿದರೆ ತೋಳಿನ ವಾಲ್ವಿನಿಂದ ಅದು ಹೊರಹೋಗಲಾರದು, ಮತ್ತು ಡೈವರ್ ತಡೆಯಿಲ್ಲದೆ ಮೇಲೇರುತ್ತಾನೆ. ಆಗ ಮಂಡಿಯನ್ನು ಎದೆಗೆ ಸೆಳೆದು ಉರುಳಿ ತಲೆಯನ್ನು ಮೇಲೆ ತರುವುದನ್ನು ಮೊದಲೇ ಈಜುಕೊಳದಲ್ಲಿ, ತರಬೇತುದಾರರ ಎದುರಿಗೆ, ಯೋಚಿಸದೆ ಬರುವಷ್ಟು ಅಭ್ಯಾಸ ಮಾಡಿರಬೇಕು. ಎರವಲು ಡ್ರೈ ಸೂಟ್ ತೊಟ್ಟು ನೇರವಾಗಿ 20 ಮೀಟರಿಗೆ ಇಳಿಯುವುದನ್ನು ನಾನು ಯಾರಿಗೂ ಹೇಳಲಾರೆ.

ತೂಕದ ಲೆಕ್ಕ

ಸಿಹಿನೀರು ಸಮುದ್ರದ ನೀರಿಗಿಂತ ಶೇಕಡಾ 2.5ರಷ್ಟು ಹಗುರ. ನೀವೂ ನಿಮ್ಮ ಸಲಕರಣೆಯೂ ಸೇರಿ 100 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವುದಾದರೆ, ಮುಳುಗಲು ಸಮುದ್ರದಲ್ಲಿ ಹೊತ್ತ ಸೀಸದ ತೂಕಕ್ಕಿಂತ ಇಲ್ಲಿ ಸುಮಾರು 2.5 ಕಿಲೋ ಕಡಿಮೆ ಸಾಕು. ಆದರೆ ದಪ್ಪ ಸೂಟಿಗೆ ಹೆಚ್ಚು ಸೀಸ ಬೇಕಾಗುವುದರಿಂದ ಹಳೆಯ ಅಂಕಿಯಲ್ಲಿ ಕಳೆಯುವುದು ಕೂಡಿಸುವುದಕ್ಕಿಂತ ಹೊಸದಾಗಿ ಪರೀಕ್ಷಿಸುವುದೇ ಸರಿ. ಪರೀಕ್ಷೆಯನ್ನು ಡೈವ್‌ನ ಕೊನೆಯಲ್ಲಿ ಮಾಡಿ: 12 ಲೀಟರ್ ಸಿಲಿಂಡರಿನಲ್ಲಿ 150 ಬಾರ್ (ಒತ್ತಡದ ಅಳತೆ) ಗಾಳಿ ಮುಗಿದರೆ ನೀವು ಸುಮಾರು 2.2 ಕಿಲೋ ಹಗುರಾಗಿರುತ್ತೀರಿ. ಆ ಸ್ಥಿತಿಯಲ್ಲಿ, ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಬಿಸಿಡಿ ಜಾಕೆಟ್ ಬಹುತೇಕ ಖಾಲಿಯಾಗಿರುವಾಗ, 4–5 ಮೀಟರ್ ಆಳದಲ್ಲಿ ಅಲುಗದೆ ನಿಲ್ಲಲು ಆಗಬೇಕು.

ರೆಗ್ಯುಲೇಟರ್ ಮತ್ತು ಫ್ರೀ ಫ್ಲೋ

ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸುವ ಸಾಧನ ರೆಗ್ಯುಲೇಟರ್. ಅದರಿಂದ ಗಾಳಿ ತಡೆಯಿಲ್ಲದೆ ನುಗ್ಗುವುದೇ ಫ್ರೀ ಫ್ಲೋ. ತಣ್ಣೀರಿನ ಕ್ವಾರಿಯಲ್ಲಿ ನಿಜವಾಗಿಯೂ ಎದುರಾಗಬಹುದಾದ ತುರ್ತುಸ್ಥಿತಿ ಇದು. ಹಾಗಾಗಿ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಸಿಲಿಂಡರಿಗೆ ಜೋಡಿಸುವ ಭಾಗವಾದ ಫಸ್ಟ್ ಸ್ಟೇಜ್ ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಹಠಾತ್ತನೆ ಹಿಗ್ಗುವ ಗಾಳಿ ಬಹಳ ತಣ್ಣಗಾಗಿ, ಅದು ಹಾದುಹೋಗುವ ಲೋಹವನ್ನೂ ತಣ್ಣಗಾಗಿಸುತ್ತದೆ. ಬೆಚ್ಚನೆಯ ಸಮುದ್ರದಲ್ಲಿ ಸುತ್ತಲಿನ ನೀರು ಆ ಶಾಖವನ್ನು ತುಂಬಿಕೊಡುತ್ತದೆ. ನೀರೇ 5 ಡಿಗ್ರಿಯಲ್ಲಿದ್ದಾಗ ತುಂಬಿಕೊಡಲು ಶಾಖ ಕಡಿಮೆ. ಲೋಹ ಸೊನ್ನೆಗಿಂತ ಕೆಳಗಿಳಿದು, ಅದಕ್ಕೆ ತಾಗಿದ ನೀರು ಸ್ಪ್ರಿಂಗಿನ ಸುತ್ತ ಮಂಜುಗಡ್ಡೆಯಾಗುತ್ತದೆ. ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡು ಗಾಳಿ ಒಂದೇ ಸಮನೆ ನುಗ್ಗತೊಡಗುತ್ತದೆ. ನುಗ್ಗಿದಷ್ಟೂ ಇನ್ನಷ್ಟು ತಂಪು. ಅದು ತಾನಾಗಿ ನಿಲ್ಲುವುದು ಅಪರೂಪ. ಬಾಯಿಯಲ್ಲಿರುವ ಸೆಕೆಂಡ್ ಸ್ಟೇಜಿನಲ್ಲಿ ನಿಮ್ಮ ಉಸಿರಿನ ತೇವವೇ ಹೆಪ್ಪುಗಟ್ಟಿ ಇದೇ ತೊಂದರೆಯಾಗಬಹುದು.

ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ತಣ್ಣನೆಯ ನೀರನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ, ಅದಕ್ಕೆ ತಕ್ಕುದಲ್ಲದ ರೆಗ್ಯುಲೇಟರಿನ ಮೇಲೆ 10 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶಕ್ಕೆ ಮಾತ್ರ ಎಂಬ ಗುರುತಿರುತ್ತದೆ. ಬಾಡಿಗೆಗೆ ಪಡೆಯುವಾಗ ಈ ಗುರುತನ್ನು ನೋಡಿ. ಒಳಭಾಗಕ್ಕೆ ನೀರು ತಾಗದಂತೆ ಮುಚ್ಚಿರುವ, ಡಯಾಫ್ರಾಮ್ ಮಾದರಿಯ ಫಸ್ಟ್ ಸ್ಟೇಜ್ ಇಂಥ ನೀರಿಗೆ ಒಳ್ಳೆಯ ಆಯ್ಕೆ. ಆದರೆ ಒಳ್ಳೆಯ ರೆಗ್ಯುಲೇಟರ್ ಕೂಡ ಕೆಟ್ಟ ಬಳಕೆಗೆ ಹೆಪ್ಪುಗಟ್ಟುತ್ತದೆ. ಹೊರಗೆ ಗಾಳಿ ಕೊರೆಯುತ್ತಿರುವಾಗ ದಡದಲ್ಲಿ ನಿಂತು ಅದರಿಂದ ಉಸಿರಾಡಬೇಡಿ. ಪರೀಕ್ಷೆಯ ಉಸಿರುಗಳನ್ನು ಬೆಚ್ಚನೆಯ ಜಾಗದಲ್ಲಿ, ಇಲ್ಲವೇ ಸೆಕೆಂಡ್ ಸ್ಟೇಜನ್ನು ನೀರಿನಲ್ಲಿ ಮುಳುಗಿಸಿ ತೆಗೆದುಕೊಳ್ಳಿ. ಗಾಳಿಯನ್ನು ಜೋರಾಗಿ ಹೊರಬಿಡುವ ಪರ್ಜ್ ಗುಂಡಿಯನ್ನು ಒತ್ತಬೇಡಿ. ಬಿಸಿಡಿ ಅಥವಾ ಡ್ರೈ ಸೂಟಿಗೆ ಗಾಳಿ ತುಂಬುವಾಗ ಉದ್ದಕ್ಕೆ ಒತ್ತಿಹಿಡಿಯದೆ ಚುಟುಕಾಗಿ ಒತ್ತಿ ಬಿಡಿ, ಅದೂ ಉಸಿರನ್ನು ಹೊರಬಿಡುತ್ತಿರುವಾಗ. ಒಳಗೆಳೆದುಕೊಳ್ಳುತ್ತಲೇ ಗುಂಡಿಯನ್ನೂ ಒತ್ತಿದರೆ ಫಸ್ಟ್ ಸ್ಟೇಜಿನ ಮೇಲೆ ಹರಿವಿನ ಹೊರೆ ಹೆಚ್ಚುತ್ತದೆ. ಎರಡು ಡೈವ್‌ಗಳ ನಡುವೆ ಸೆಕೆಂಡ್ ಸ್ಟೇಜನ್ನು ಒದ್ದೆಯಾಗಿ ಗಾಳಿಗೆ ತೂಗುಹಾಕಬೇಡಿ, ಒಳಗಿನ ಹನಿ ಅಲ್ಲೇ ಹೆಪ್ಪುಗಟ್ಟೀತು.

ಫ್ರೀ ಫ್ಲೋ ಆದಾಗ ಮೊದಲು ಸಿಗುವುದು ಕಿವಿ ತುಂಬುವ ಸದ್ದು, ಮುಖವನ್ನು ಮುಚ್ಚುವ ಗುಳ್ಳೆಗಳು. ಎದುರಿಗಿರುವ ಜೊತೆಗಾರನೂ ಕಾಣುವುದಿಲ್ಲ. ಆದರೂ ಉಸಿರಾಡಲು ಗಾಳಿಯಿದೆ. ಬಾಯಿಪಟ್ಟಿಯನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ ಹಿಡಿದರೆ ಒತ್ತಡ ಶ್ವಾಸಕೋಶಕ್ಕೆ ಅಪಾಯ, ಅದಕ್ಕಾಗಿ ಒಂದು ಬದಿಯ ತುಟಿಯನ್ನು ಸಡಿಲಿಸಿ, ಹೆಚ್ಚಿನ ಗಾಳಿ ಹೊರಹೋಗಲು ಬಿಟ್ಟು, ಬೇಕಾದಷ್ಟನ್ನೇ ಹೀರಿಕೊಳ್ಳಿ. ಜೊತೆಗಾರನ ತೋಳು ಹಿಡಿದು ಮೇಲೇರುವ ಸಂಜ್ಞೆ ಮಾಡಿ, ಸಾಮಾನ್ಯ ವೇಗದಲ್ಲೇ ಏರಲು ತೊಡಗಿ. ತುಂಬಿದ ಸಿಲಿಂಡರ್ ಕೂಡ ಆಳದಲ್ಲಿ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ, ಆದ್ದರಿಂದ ಅಲ್ಲೇ ನಿಂತು ಸರಿಪಡಿಸುವ ಯೋಚನೆ ಬೇಡ.

ಜೊತೆಗಾರನ ಆಕ್ಟೋಪಸ್, ಅಂದರೆ ಅವನ ಬಳಿಯಿರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್, ತೆಗೆದುಕೊಳ್ಳುವುದು ಸಹಜವಾದ ಮುಂದಿನ ಹೆಜ್ಜೆ. ಆದರೆ ಗಾಬರಿಗೊಂಡ ಇಬ್ಬರು ಒಂದೇ ಫಸ್ಟ್ ಸ್ಟೇಜಿನಿಂದ ಜೋರಾಗಿ ಉಸಿರಾಡಿದರೆ ಅದರ ಮೇಲಿನ ಹೊರೆ ಇಮ್ಮಡಿಯಾಗಿ ಅದೂ ಹೆಪ್ಪುಗಟ್ಟುವ ಸಾಧ್ಯತೆಯಿದೆ. ಈ ಕಾರಣದಿಂದಲೇ ತಣ್ಣೀರಿನಲ್ಲಿ ಪಳಗಿದವರು ಎರಡು ವಾಲ್ವುಗಳ ಸಿಲಿಂಡರಿಗೆ ಎರಡು ಪ್ರತ್ಯೇಕ ಫಸ್ಟ್ ಸ್ಟೇಜುಗಳನ್ನು ಜೋಡಿಸುತ್ತಾರೆ, ಇಲ್ಲವೇ ಪ್ರತ್ಯೇಕ ರೆಗ್ಯುಲೇಟರ್ ಇರುವ ಚಿಕ್ಕ ಸಿಲಿಂಡರನ್ನು ಜೊತೆಗೆ ಒಯ್ಯುತ್ತಾರೆ. ಎರಡು ವಾಲ್ವಿದ್ದರೆ ನುಗ್ಗುತ್ತಿರುವುದನ್ನು ಮುಚ್ಚಿ ಇನ್ನೊಂದರಿಂದ ಉಸಿರಾಡಬಹುದು. ದಪ್ಪ ಕೈಗವಸು ತೊಟ್ಟು, ಬೆನ್ನ ಹಿಂದಿನ ವಾಲ್ವನ್ನು ನೀವೇ ಅಥವಾ ನಿಮ್ಮ ಜೊತೆಗಾರ ತಿರುಗಿಸಬಲ್ಲಿರೇ ಎಂಬುದನ್ನು ಕಡಿಮೆ ಆಳದಲ್ಲಿ ಮಾಡಿ ನೋಡಿ. ಮುಚ್ಚಿದ ಮೇಲೆ ಮಂಜು ಕರಗಿ ರೆಗ್ಯುಲೇಟರ್ ಮತ್ತೆ ಸರಿಯಾದರೂ ಆ ಡೈವ್ ಅಲ್ಲಿಗೆ ಮುಗಿಯಿತು.

ಗಾಳಿಯ ಲೆಕ್ಕ

ಬೆಚ್ಚನೆಯ ಕೋಣೆಯಲ್ಲಿ 30 ಡಿಗ್ರಿಯಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ 6 ಡಿಗ್ರಿ ನೀರಿನಲ್ಲಿ ತಣಿದಾಗ ಸುಮಾರು 184 ಬಾರ್ ತೋರಿಸುತ್ತದೆ. ಗಾಳಿ ಸೋರಿಲ್ಲ, ಒತ್ತಡ ಇಳಿದಿದೆ ಅಷ್ಟೆ. ಆದರೆ ನಿಮ್ಮ ಯೋಜನೆ 184ರಿಂದಲೇ ಶುರುವಾಗಬೇಕು. ಇನ್ನು ಮೀಸಲು ಎಷ್ಟಿರಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 20 ಮೀಟರ್ ಆಳದಲ್ಲಿ ಒಬ್ಬರ ರೆಗ್ಯುಲೇಟರ್ ಕೈಕೊಟ್ಟು ಇಬ್ಬರೂ ಒಂದೇ ಸಿಲಿಂಡರಿನಿಂದ ಮೇಲೇರಬೇಕೆಂದುಕೊಳ್ಳಿ. ಚಳಿ ಮತ್ತು ಆತಂಕದಲ್ಲಿ ತಲಾ ನಿಮಿಷಕ್ಕೆ 25 ಲೀಟರ್, ಇಬ್ಬರಿಗೆ 50 ಲೀಟರ್. ಅಲ್ಲೇ ಸುಧಾರಿಸಿಕೊಳ್ಳಲು 2 ನಿಮಿಷ, ಆ ಆಳದ 3 ಬಾರ್ ಒತ್ತಡದಲ್ಲಿ: 300 ಲೀಟರ್. ಏರಲು ಎರಡೂವರೆ ನಿಮಿಷ, ಸರಾಸರಿ 2 ಬಾರ್‌ನಲ್ಲಿ: 250 ಲೀಟರ್. ಸುರಕ್ಷತೆಗಾಗಿ 5 ಮೀಟರಿನಲ್ಲಿ 3 ನಿಮಿಷ ನಿಲ್ಲಲು, 1.5 ಬಾರ್‌ನಲ್ಲಿ: 225 ಲೀಟರ್. ಒಟ್ಟು 775 ಲೀಟರ್. 12 ಲೀಟರ್ ಸಿಲಿಂಡರಿನಲ್ಲಿ ಅದು ಸುಮಾರು 65 ಬಾರ್. ಹಾಗಾಗಿ 20 ಮೀಟರಿನಲ್ಲಿ ಒತ್ತಡ ತೋರಿಸುವ ಗೇಜ್ 70 ಬಾರ್ ಮುಟ್ಟುವಷ್ಟರಲ್ಲಿ ನೀವು ಮೇಲೇರುತ್ತಿರಬೇಕು. 50 ಬಾರ್ ಉಳಿಸಿಕೊಂಡು ದಡ ಸೇರಿದರೆ ಸಾಕು ಎಂಬ ಸಾಮಾನ್ಯ ರೂಢಿ ಈ ಸಂದರ್ಭಕ್ಕೆ ಸಾಲದು.

ನೀರಿಗಿಳಿದ ಮೇಲೆ

ನೀರಿಗೆ ಹಾರಬೇಡಿ, ಮೆಟ್ಟಿಲಿನಿಂದ ಇಳಿಯಿರಿ. ಮುಖಕ್ಕೆ ತಣ್ಣೀರು ತಾಗಿದೊಡನೆ ಉಸಿರು ತಾನಾಗಿ ಚಿಕ್ಕದಾಗಿ, ವೇಗವಾಗಿ ಬರತೊಡಗುತ್ತದೆ. ಅದು ದೇಹದ ಸಹಜ ಪ್ರತಿಕ್ರಿಯೆ, ಒಂದೆರಡು ನಿಮಿಷಗಳಲ್ಲಿ ಇಳಿಯುತ್ತದೆ. ಮೇಲ್ಮೈಯಲ್ಲೇ ನಿಂತು, ಮುಖವನ್ನು ನೀರಿಗಿಟ್ಟು, ಉಸಿರು ನಿಧಾನವಾಗುವವರೆಗೂ ಕಾಯಿರಿ. ಆಮೇಲೆ 3 ಮೀಟರಿನಲ್ಲಿ ನಿಂತು ಪರಸ್ಪರರ ಸಲಕರಣೆಯಿಂದ ಗುಳ್ಳೆ ಬರುತ್ತಿದೆಯೇ ಎಂದು ನೋಡಿ. ಹುಡ್ ಕಿವಿಯ ಮೇಲೆ ಬಿಗಿಯಾಗಿ ಕುಳಿತಿದ್ದರೆ ಅಂಚನ್ನು ತುಸು ಎಳೆದು ಎರಡೂ ಕಿವಿಗೆ ನೀರು ಹೋಗಲು ಬಿಡಿ. ಇಲ್ಲದಿದ್ದರೆ ಹೊರಗಿವಿಯಲ್ಲಿ ಸಿಕ್ಕಿಕೊಂಡ ಗಾಳಿ ಕುಗ್ಗಿ ನೋವಾಗುತ್ತದೆ. ಒಂದೇ ಕಿವಿಗೆ ತಣ್ಣೀರು ನುಗ್ಗಿದರಂತೂ ಸ್ವಲ್ಪ ಹೊತ್ತು ತಲೆ ಸುತ್ತುತ್ತದೆ. ಹಾಗಾದಾಗ ಬಂಡೆಯನ್ನೋ ಇಳಿಯುವ ಹಗ್ಗವನ್ನೋ ಹಿಡಿದು ನಿಂತರೆ ಉಷ್ಣಾಂಶ ಸಮವಾಗಿ ತಲೆಸುತ್ತು ಹೋಗುತ್ತದೆ.

ಥರ್ಮೋಕ್ಲೈನ್ ಹತ್ತಿರವಾದಾಗ ನೀರು ಬಿಸಿಲಿಗೆ ಕಾದ ರಸ್ತೆಯ ಮೇಲಿನ ಗಾಳಿಯಂತೆ ನಡುಗುತ್ತದೆ, ಟಾರ್ಚಿನ ಬೆಳಕಿನ ಅಂಚು ಮಸುಕಾಗುತ್ತದೆ. ಅದನ್ನು ದಾಟಿದೊಡನೆ ತುಟಿ ಮರಗಟ್ಟಿ ಹಣೆ ಸಿಡಿಯತೊಡಗುತ್ತದೆ. ಅಲ್ಲಿ ಒಂದು ನಿಮಿಷ ನಿಂತು, ಉಸಿರನ್ನು ಮತ್ತೆ ಹದಕ್ಕೆ ತಂದುಕೊಂಡು, ಜೊತೆಗಾರನ ಕಣ್ಣು ನೋಡಿ ಸಂಜ್ಞೆ ಪಡೆದ ಮೇಲೆಯೇ ಮುಂದಿನ ನಿರ್ಧಾರ ಮಾಡಬೇಕು. ಹೊಸಬರು ಮೊದಲ ಕೆಲವು ಡೈವ್‌ಗಳಲ್ಲಿ ಈ ಪದರವನ್ನೇ ತಳವೆಂದು ಭಾವಿಸಿ ಅದರ ಮೇಲೆಯೇ ಉಳಿಯುವುದು ನಾನು ಕೊಡುವ ಅತಿ ಮುಖ್ಯ ಸಲಹೆ. ಮೇಲಿನ ಹತ್ತು ಮೀಟರಿನಲ್ಲಿ ಬೆಳಕು, ಮೀನು, ಕಲ್ಲು ಕಡಿದ ಗುರುತುಗಳು ಎಲ್ಲವೂ ಇರುತ್ತವೆ.

ಕ್ವಾರಿಯ ತಳದ ಹೂಳು ಕಲ್ಲಿನ ನಯವಾದ ಪುಡಿ. ಒಮ್ಮೆ ಎದ್ದರೆ ನೀರಿನಲ್ಲಿ ಚಲನೆಯಿಲ್ಲದ ಕಾರಣ ಗಂಟೆಗಟ್ಟಲೆ ನಿಲ್ಲುತ್ತದೆ. ಮಂಡಿಯನ್ನು ಮಡಚಿ, ಪಾದಗಳನ್ನು ದೇಹದ ಮಟ್ಟಕ್ಕಿಂತ ಮೇಲಿಟ್ಟು, ಕಪ್ಪೆಯ ಹಾಗೆ ಹಿಂದಕ್ಕೆ ಒದ್ದು ಈಜುವ ಕ್ರಮವನ್ನು ಕಲಿಯಿರಿ. ತಳದಲ್ಲಿ ಎಂದೂ ಮಂಡಿಯೂರಬೇಡಿ. ಹೂಳೆದ್ದು ಏನೂ ಕಾಣದಂತಾದರೆ ಜೊತೆಗಾರನನ್ನು ಮುಟ್ಟಿ ಹಿಡಿದು, ನಿಧಾನವಾಗಿ ಮೇಲೇರಿ. ದಾರಿ ತಪ್ಪದಿರಲು ದಿಕ್ಸೂಚಿಯ ಜೊತೆಗೆ ಗೋಡೆಯನ್ನೂ ನಂಬಬಹುದು: ಹೋಗುವಾಗ ಗೋಡೆ ಬಲಕ್ಕಿದ್ದರೆ ಬರುವಾಗ ಎಡಕ್ಕಿರಬೇಕು. ಆದರೆ ಮುಳುಗಿಸಿದ ಬಸ್ಸು, ದೋಣಿ, ಕಬ್ಬಿಣದ ಯಂತ್ರಗಳ ಹತ್ತಿರ ದಿಕ್ಸೂಚಿಯ ಮುಳ್ಳು ಸರಿದಾಡುತ್ತದೆ. ಅವುಗಳ ಒಳಗೆ ನುಗ್ಗುವುದು ಬೇರೆಯದೇ ತರಬೇತಿಯ ವಿಷಯ. ಮೀನು ಹಿಡಿಯುವ ದಾರ ಸುತ್ತಿಕೊಂಡರೆ ಕತ್ತರಿಸಲು ಚಿಕ್ಕ ಚಾಕು ಎರಡೂ ಕೈಗೆ ನಿಲುಕುವಲ್ಲಿರಲಿ.

ಯಾವಾಗ ತಿರುಗಬೇಕು

ಗಾಳಿ ಮುಗಿಯುವ ಮೊದಲೇ ಕೈಬೆರಳುಗಳು ಕೆಲಸ ನಿಲ್ಲಿಸುತ್ತವೆ. ಪ್ರತಿ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡಿ. ತಾಗಿಸಲು ಕಷ್ಟವಾದರೆ ಬಿಸಿಡಿಯ ಗುಂಡಿ, ಸೀಸದ ಬೆಲ್ಟಿನ ಬಕಲ್, ಸಿಲಿಂಡರಿನ ವಾಲ್ವ್ ಯಾವುದೂ ನಿಮ್ಮ ಹತೋಟಿಯಲ್ಲಿಲ್ಲ ಎಂದೇ ಅರ್ಥ. ಆ ಕ್ಷಣದಲ್ಲೇ ತಿರುಗಬೇಕು. ನಡುಕ ಶುರುವಾಗುವವರೆಗೂ ಕಾಯುವುದು ತಡವಾಯಿತು. ಜೊತೆಗಾರನ ಸಂಜ್ಞೆಗಳು ನಿಧಾನವಾದರೆ, ಕೇಳಿದ ಗೇಜ್ ಅಂಕಿಗೆ ತಪ್ಪು ಉತ್ತರ ಬಂದರೆ, ಅವರು ಒಪ್ಪಲಿ ಬಿಡಲಿ ಡೈವ್ ಮುಗಿಸಿ. ದಮ್ಮು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಕಾಣಿಸಿಕೊಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ತಣ್ಣೀರು ಅದಕ್ಕೆ ಒಂದು ಕಾರಣ. ಕೂಡಲೇ ಹೊರಬಂದು ಆಮ್ಲಜನಕ ಕೊಟ್ಟು ವೈದ್ಯರನ್ನು ಕರೆಸಬೇಕು.

ತಳದಲ್ಲಿ ಬೆಚ್ಚಗಿದ್ದು ಏರುವ ಹೊತ್ತಿಗೆ ಮೈ ತಣ್ಣಗಾದರೆ ಅಂಗಾಂಶಗಳಿಗೆ ರಕ್ತದ ಹರಿವು ಕಡಿಮೆಯಾಗಿ, ಅಲ್ಲಿ ಸೇರಿದ ಸಾರಜನಕ ಹೊರಬರುವುದು ನಿಧಾನವಾಗಿ, ಅದು ಗುಳ್ಳೆಗಟ್ಟಿ ಹಾನಿ ಮಾಡುವ ಅಪಾಯ ಹೆಚ್ಚುತ್ತದೆ. ಡೈವ್ ಕಂಪ್ಯೂಟರ್ ನಿಮ್ಮ ಚಳಿಯನ್ನು ಅಳೆಯುವುದಿಲ್ಲ. ಹೀಗಾಗಿ ಅದು ಕೊಡುವ ಸಮಯದ ಮಿತಿಯಿಂದ ಸಾಕಷ್ಟು ಈಚೆಗೇ ಇದ್ದು, 5 ಮೀಟರಿನ ನಿಲುಗಡೆಯನ್ನು ಬೆಚ್ಚನೆಯ ಮೇಲ್ಪದರದಲ್ಲಿ ತುಸು ಉದ್ದ ಮಾಡುವುದು ಒಳ್ಳೆಯದು.

ಹೊರಬಂದ ಮೇಲೆ

ಸಿಲಿಂಡರ್ ಹೊತ್ತು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಬೇಡಿ. ಸೊಂಟಮಟ್ಟದ ನೀರಿನಲ್ಲಿ ನಿಂತು ಭಾರವನ್ನು ಕಳಚಿ, ಸುಧಾರಿಸಿಕೊಂಡು ಹತ್ತಿ. ಗಾಳಿ ಬೀಸದ ಕಡೆ ಒದ್ದೆ ಬಟ್ಟೆ ತೆಗೆದು, ತಲೆಯಿಂದ ಪಾದದವರೆಗೂ ಒಣಗಿದ ಬೆಚ್ಚನೆಯ ಬಟ್ಟೆ ಧರಿಸಿ. ಹೊರಬಂದ ಮೇಲೂ ಒಳದೇಹದ ಉಷ್ಣಾಂಶ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಬಿಸಿ ಪಾನೀಯ ಕುಡಿಯಿರಿ, ಮದ್ಯ ಬೇಡ. ತಣ್ಣೀರಿನಲ್ಲಿ ಮೂತ್ರ ಹೆಚ್ಚು ಉತ್ಪತ್ತಿಯಾಗಿ ದೇಹದ ನೀರು ಕಡಿಮೆಯಾಗುವುದರಿಂದ ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಬೇಕು. ಮೈ ಪೂರ್ತಿ ಬೆಚ್ಚಗಾಗದೆ ಎರಡನೆಯ ಡೈವ್‌ಗೆ ಇಳಿಯಬೇಡಿ. ಒಳಪದರದ ಬಟ್ಟೆ ಒದ್ದೆಯಾಗಿದ್ದರೆ ಅಂದಿನ ಮಟ್ಟಿಗೆ ಡೈವಿಂಗ್ ಮುಗಿದಂತೆ.

ಸಲಕರಣೆಯನ್ನು ತೊಳೆಯುವುದು ಉಪ್ಪಿಗಾಗಿ ಮಾತ್ರವಲ್ಲ. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಅದರ ಮೂಲ ನೆಲೆಯಿಂದ ಯುರೋಪ್ ಮತ್ತು ಉತ್ತರ ಅಮೆರಿಕದ ಎಷ್ಟೋ ಕೆರೆ, ಕ್ವಾರಿಗಳಿಗೆ ಹಬ್ಬಿದೆ. ಕಣ್ಣಿಗೆ ಕಾಣದ ಅದರ ಮರಿಗಳು ಬಿಸಿಡಿಯೊಳಗೆ ಉಳಿದ ನೀರಿನಲ್ಲೂ ಪ್ರಯಾಣ ಮಾಡಬಲ್ಲವು. ಬಿಸಿಡಿಯ ನೀರನ್ನು ಅಲ್ಲೇ ಬಸಿದು, ಬೂಟು, ಕೈಗವಸು, ಫಿನ್‌ಗಳ ಕೆಸರನ್ನು ಉಜ್ಜಿ ತೊಳೆದು, ಇನ್ನೊಂದು ನೀರಿಗೆ ಇಳಿಸುವ ಮೊದಲು ಎಲ್ಲವನ್ನೂ ಪೂರ್ತಿ ಒಣಗಿಸಿ. ಡ್ರೈ ಸೂಟನ್ನು ಮೊದಲು ಹೊರಗಿನಿಂದ ಒಣಗಿಸಿ, ಆಮೇಲೆ ಒಳಗನ್ನು ಹೊರಮಾಡಿ ತೂಗುಹಾಕಿ. ಮಣಿಕಟ್ಟಿನ ಲೇಟೆಕ್ಸ್ ಸೀಲಿನಲ್ಲಿ ಸಣ್ಣ ಸೀಳು ಕಂಡರೆ ಮುಂದಿನ ಡೈವ್‌ಗೆ ಮೊದಲೇ ಬದಲಿಸಿ, ಏಕೆಂದರೆ ಅದು ಹರಿಯುವುದು ಸಾಮಾನ್ಯವಾಗಿ ತೊಡುವಾಗಲ್ಲ, ಮುಂದಿನ ಸಲ ನೀರಿನೊಳಗೆ ಕೈ ಚಾಚಿದಾಗ.